ಕೊಳ ಮೇಲೇಳದಂತೆ

ಖಾಲಿ ಕೊಳವೆಂದರೆ ದೋಣಿ, ಗೊನ್ಸಾಲ್ವಿಸ್ ಸಾಹೇಬರೆ,
ನಾನು ಮೊದಲೇ ಹೇಳಿದ್ದೆ.
ಬುದಯ್ಯದ ಈ ಓಣಿಯಲ್ಲಿ ಒಂದೂವರೆ ಮೀಟರ್ ತೋಡಿದರೆ ಸಾಕು,
ಕರೆಯದೆ ಬಂದ ನೆಂಟನ ಹಾಗೆ
ನೀರು ಬಂದು ಕೂರುತ್ತದೆ.
ಟೈಲ್ಸ್ ಬದಲಾಗಬೇಕು, ಈದ್ ಒಳಗೆ ಮುಗಿಯಬೇಕು,
ಎಲ್ಲ ಸರಿ. ಆದರೆ
ಒಳಗಿನ ನೀರು ತೆಗೆಯುವ ಮೊದಲು
ಹೊರಗಿನದನ್ನು ಇಳಿಸಬೇಕು.

ನಾಲ್ಕು ಮೂಲೆಗೆ ನಾಲ್ಕು ಬಾವಿ.
ಬಾವಿಯೆಂದರೆ ತೂತು ಕೊರೆದ ಪೈಪು, ಸುತ್ತ ಜಲ್ಲಿ,
ಜಲ್ಲಿಗೊಂದು ಬಟ್ಟೆಯ ಅಂಗಿ.
ಹಗಲೂ ರಾತ್ರಿ ಪಂಪಿನ ಗೊರಕೆ.
ನಾನೂ ಶೊಫಿಕುಲನೂ ಪಾಳಿಯಲ್ಲಿ
ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟು
ಎಲ್ಲಿಯವರೆಗೆ ಒಣ, ಎಲ್ಲಿಂದ ಒದ್ದೆ ಎಂದು
ಸಿಗರೇಟು ಪ್ಯಾಕಿನ ಹಿಂದೆ ಬರೆದೆವು:
೧.೮೦. ೧.೯೫. ೨.೧೦.
ಇಳಿಯುತ್ತಿತ್ತು.

ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ
ಅವ್ವ ಬೆರಳದ್ದಿ ನಾಲಿಗೆಗಿಟ್ಟು ಹೇಳುತ್ತಿದ್ದಳು,
ಇದು ನಾಳೆಗೆ ಹರಳುಗಟ್ಟುತ್ತದೆ,
ಅದಕ್ಕಿನ್ನೂ ಎರಡು ಬಿಸಿಲು ಬೇಕು.
ಆ ಚಾಳಿ ನನಗೂ ಅಂಟಿದೆ.
ಎಲ್ಲಿ ಪಂಪು ಹೂಡಿದರೂ ಮೊದಲ ಬೊಗಸೆ ರುಚಿ ನೋಡುತ್ತೇನೆ:
ಮುಹರಕ್ಕಿನದು ಬರೀ ಕಡಲು,
ಸಿತ್ರಾದ್ದು ಡೀಸೆಲ್ಲು,
ಇಲ್ಲಿಯದು ಸಪ್ಪೆಗೆ ಹತ್ತಿರ, ಕೊನೆಯಲ್ಲಿ ಚೂರು ಸೋಪು.

ಮೂರನೆಯ ದಿನ ಮನೆಯ ಮುದುಕಿ, ಉಮ್ ಖಲೀಲ್,
ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು
ನೀರು ಹೊರಬೀಳುವ ಪೈಪಿನ ಪಕ್ಕ ಕೂತಳು.
ಇಲ್ಲಿ ಐನ್ ಇತ್ತು, ಎಂದಳು.
ಅರಬಿಯಲ್ಲಿ ಕಣ್ಣಿಗೂ ಒರತೆಗೂ ಅದೊಂದೇ ಮಾತು;
ನಮ್ಮ ಕಡೆಯೂ ಬಾವಿ ತೋಡುವವರು
ನೀರಿನ ಕಣ್ಣು ಒಡೆಯಿತು ಎನ್ನುವುದಿಲ್ಲವೆ?
ಖರ್ಜೂರದ ನೆರಳಲ್ಲಿ ಹೆಂಗಸರ ಪಾಲಿನ ನೀರಂತೆ,
ಕಾಲಿಳಿಬಿಟ್ಟರೆ ಕಚಗುಳಿಯಿಡುವ ಮೀನಂತೆ.
ಖಲೀಲ್ ಹುಟ್ಟಿದ ವರ್ಷ ಕಣ್ಣು ಮುಚ್ಚಿತಂತೆ.
ನೋಡು, ಮತ್ತೆ ಬಂದಿದೆಯಾ?

ನನಗೆ ಗೊತ್ತು, ಇದು ಪಕ್ಕದ ವಿಲ್ಲಾದ ಹುಲ್ಲಿಗೆ
ರಾತ್ರಿಯಿಡೀ ಬಿಟ್ಟ ನೀರು,
ಹಿಂದಿನ ಓಣಿಯ ಒಡೆದ ಟ್ಯಾಂಕಿನದು.
ಹೇಗೆ ಹೇಳಲಿ?
ಸೋಪಿನ ರುಚಿ ಇದೆ, ತಾಯಿ, ಎಂದೆ.
ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು:
ಹಾಗಾದರೆ ಅದೇ!
ನಾವು ಬಟ್ಟೆ ಒಗೆಯುತ್ತಿದ್ದುದು ಮತ್ತೆಲ್ಲಿ?

ಆ ರಾತ್ರಿ ಎರಡೂ ನಲವತ್ತಕ್ಕೆ ಜನರೇಟರ್ ಕೆಮ್ಮಿ ನಿಂತಿತು.
ಗೊರಕೆ ನಿಂತದ್ದಕ್ಕೇ ನನಗೆ ಎಚ್ಚರ.
ಪಾನಿ ಉಠ್ಛೆ, ಪಾನಿ ಉಠ್ಛೆ, ಶೊಫಿಕುಲನ ಕೂಗು.
ದಾರ ಇಳಿಬಿಟ್ಟೆ: ೧.೬೦.
ಬರಿಮೈಯ ಕೊಳ ತಳದಲ್ಲೆಲ್ಲೋ
ಒಮ್ಮೆ ನೆಟಿಗೆ ಮುರಿಯಿತು, ಟಕ್ಕೆಂದು.
ಎಪ್ಪತ್ತು ಟನ್ನಿನ ಕಾಂಕ್ರೀಟು
ಲಂಗರು ಕಿತ್ತುಕೊಳ್ಳಲು ಮನಸ್ಸು ಮಾಡುತ್ತಿತ್ತು.

ಟಾರ್ಚ್ ಕಚ್ಚಿಕೊಂಡು ಇಳಿದೆ.
ತಳದ ವಾಲ್ವಿಗೆ ನಿಮ್ಮ ಟೈಲಿನವರು ಗಾರೆ ಮೆತ್ತಿದ್ದರು.
ಉಳಿ ಹಿಡಿದು ನಾಲ್ಕು ಏಟು,
ಐದನೆಯದಕ್ಕೆ ಅದು ಬಂತು,
ತಣ್ಣಗೆ, ಅಂಗಾಲಿನ ಕೆಳಗಿಂದ, ಕಣ್ಣು ಒಡೆದ ಹಾಗೆ.
ಮೇಲಿಂದ ಮನೆಯ ನೀರನ್ನೂ ಬಿಡಿಸಿದೆ.
ನೀರು ಎತ್ತುವುದನ್ನು ನೀರೇ ಅದುಮಬೇಕು,
ಬೇರೆ ಯಾವ ಭಾರವೂ ಅಷ್ಟು ಬೇಗ ಸಿಗುವುದಿಲ್ಲ.

ಬೆಳಿಗ್ಗೆ ಎದೆಮಟ್ಟ.
ನೀವು ಬಂದು ಬೈದದ್ದು ನ್ಯಾಯವೇ,
ಎರಡು ದಿನದ ಕೆಲಸ ಮುಳುಗಿತು, ಅಂಟೂ ಹಾಳು.
ಆದರೆ ನೀವು ಬರುವ ಮೊದಲು
ಮುದುಕಿ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಳು,
ಮೀನೆಲ್ಲಿ ಎಂದು ನನ್ನನ್ನೇ ಗದರಿದಳು.

ಪ್ಯಾಕಿನ ಮೇಲೆ ಹೀಗಿದೆ: ಪಂಪು ಶುರು, ೫.೧೦.
ಕೊಳ ಕದಲಿಲ್ಲ.
ಪಡುವಣ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.
ಅದನ್ನು ಬರೆದಿಲ್ಲ,
ನಿಮಗೆ ಬಾಯಲ್ಲಿ ಹೇಳುತ್ತಿದ್ದೇನೆ.